ಗಡಿಯ ಸುತ್ತಲಿನ ವಿಶ್ವವಿದ್ಯಾಲಯಗಳು: ಯಾವ ವಿಭಾಗದಲ್ಲಿ ಏನು ಸಂಶೋಧನೆ?

ಜಹೀರಾಬಾದ್, ನಾರಾಯಣಖೇಡ್, ತಾಂಡೂರ ಈ ಮೂರೂ ಊರುಗಳಲ್ಲಿ ವಿಶ್ವವಿದ್ಯಾಲಯವಿಲ್ಲ. ಆದರೆ ಇವುಗಳ ಸುತ್ತ, ಬಸ್ಸಿನಲ್ಲಿ ಅರ್ಧ ದಿನದೊಳಗೆ ಹೋಗಿ ಬರಬಹುದಾದ ದೂರದಲ್ಲಿ ಹತ್ತಾರು ವಿ.ವಿ.ಗಳೂ ಸಂಶೋಧನಾ ಸಂಸ್ಥೆಗಳೂ ಇವೆ. ಅಲ್ಲಿನ ವಿಭಾಗಗಳಲ್ಲಿ ಅಧ್ಯಯನ ಮಾಡುವ ವಿಷಯಗಳಲ್ಲಿ ಎಷ್ಟೋ ನಮ್ಮವೇ. ನಮ್ಮ ಹೊಲದ ತೊಗರಿ, ನಮ್ಮ ದನಕರು, ಗುಡಿಯ ಮುಂದೆ ಬಿದ್ದಿರುವ ಶಾಸನದ ಕಲ್ಲು, ನಾವು ಮನೆಯಲ್ಲೊಂದು ಸಂತೆಯಲ್ಲೊಂದು ಆಡುವ ಮಾತು ಎಲ್ಲವೂ ಪ್ರಬಂಧಗಳಾಗುತ್ತಿವೆ. ಹೀಗಿದ್ದೂ ಗಡಿ ಹಳ್ಳಿಗಳಿಗೆ ಈ ಕೆಲಸದ ಪರಿಚಯ ಕಡಿಮೆ. ಸಂಶೋಧನೆ ಎಲ್ಲಿ ಏನು ನಡೆದಿದೆ, ಅದರಿಂದ ರೈತರಿಗೂ ವಿದ್ಯಾರ್ಥಿಗಳಿಗೂ ಏನು ಪ್ರಯೋಜನ ಎಂಬುದರ ಪರಿಚಯ ಇಲ್ಲಿದೆ.

ಗಡಿ ಬಿದ್ದದ್ದು ಹೀಗೆ

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ್ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರ ಮತ್ತು ಕೊಡಂಗಲ್ ಗುಲಬರ್ಗಾ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ ಅದೇ ವರ್ಷ ನವೆಂಬರ್ 1ರಂದು ಇವು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಮಾತ್ರ ಬೀದರಿನಲ್ಲೇ ಉಳಿಯಿತು. ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಆಚೆ ಹೋಯಿತು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್ 11ರಂದು ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರ ವಿಕಾರಾಬಾದ್ ಜಿಲ್ಲೆಗೂ ಸೇರಿದವು.

ಹೀಗೆ ಕಾಗದದ ಮೇಲೆ ಊರುಗಳ ವಿಳಾಸ ಮತ್ತೆ ಮತ್ತೆ ಬದಲಾಯಿತು. ಮಣ್ಣು, ಮಳೆ, ಬೆಳೆ, ಮಾತು ಬದಲಾಗಲಿಲ್ಲ. ಆದರೆ ವಿ.ವಿ.ಗಳು ಕೆಲಸ ಮಾಡುವುದು ರಾಜ್ಯದ ಎಲ್ಲೆಯೊಳಗೆ. ಗಡಿ ಹಳ್ಳಿಗಳ ಕಷ್ಟ ಶುರುವಾಗುವುದೇ ಇಲ್ಲಿಂದ.

ಸುತ್ತಮುತ್ತ ಯಾವ ವಿ.ವಿ.ಗಳಿವೆ?

ಪೂರ್ವಕ್ಕೆ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿ.ವಿ. ಇದೆ. 1918ರಲ್ಲಿ ಸ್ಥಾಪನೆಯಾದ ಇದು ಉರ್ದುವನ್ನು ಬೋಧನಾ ಮಾಧ್ಯಮ ಮಾಡಿಕೊಂಡು ಶುರುವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ಆ ಕಾಲದಲ್ಲೇ ತೋರಿಸಿದ ವಿ.ವಿ. ಇದು. ಇಲ್ಲಿ ಕನ್ನಡ ವಿಭಾಗವೂ ಇದೆ. ಹಳೆಯ ತಲೆಮಾರಿನ ವಿದ್ವಾಂಸ ಡಿ.ಕೆ. ಭೀಮಸೇನರಾವ್ ಪಾಠ ಹೇಳಿದ್ದು ಇಲ್ಲಿಯೇ. ಸಂಗಾರೆಡ್ಡಿ ಜಿಲ್ಲೆಯ ಪದವಿ ಕಾಲೇಜುಗಳು ಉಸ್ಮಾನಿಯಾ ವ್ಯಾಪ್ತಿಗೆ ಬರುತ್ತವೆ. ಹೈದರಾಬಾದಿನ ಕೇಂದ್ರೀಯ ವಿ.ವಿ. 1974ರದು. ರಾಜೇಂದ್ರನಗರದಲ್ಲಿ ಪ್ರೊಫೆಸರ್ ಜಯಶಂಕರ್ ತೆಲಂಗಾಣ ಕೃಷಿ ವಿ.ವಿ., ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಸಂಗಾರೆಡ್ಡಿ ಬಳಿಯ ಕಂದಿಯಲ್ಲಿ 2008ರಲ್ಲಿ ಆರಂಭವಾದ ಹೈದರಾಬಾದ್ ಐಐಟಿ ಇವೆ.

ಪಶ್ಚಿಮಕ್ಕೆ ಕರ್ನಾಟಕದ ಕಡೆ 1980ರ ಗುಲಬರ್ಗಾ ವಿ.ವಿ. ಇದೆ. ಅದಕ್ಕೂ ಮೊದಲು ಅದು ಧಾರವಾಡದ ಕರ್ನಾಟಕ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿ.ವಿ., ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿ.ವಿ., ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿ.ವಿ. ಇವೆ. 2023ರಲ್ಲಿ ಬೀದರಿಗೇ ಪ್ರತ್ಯೇಕ ವಿ.ವಿ. ಬಂದಿತು. ಸ್ವಲ್ಪ ದೂರವಾದರೂ ಹಂಪಿಯ ಕನ್ನಡ ವಿ.ವಿ.ಯನ್ನು ಮರೆಯುವಂತಿಲ್ಲ. 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ ವಿ.ವಿ. ಅದು. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿ.

ಸಂಶೋಧನಾ ತಂಡ ಎಂದರೇನು?

ವಿ.ವಿ. ಎಂದರೆ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವ ಕಚೇರಿ ಎಂಬ ಭಾವನೆ ಹಳ್ಳಿಗಳಲ್ಲಿ ಇದೆ. ಅದು ಅದರ ಅರ್ಧ ಕೆಲಸ. ಉಳಿದ ಅರ್ಧ ಹೊಸ ತಿಳಿವಳಿಕೆ ಹುಡುಕುವುದು. ಒಬ್ಬ ಪ್ರಾಧ್ಯಾಪಕ, ಅವರ ಕೈಕೆಳಗೆ ಪಿಎಚ್.ಡಿ. ಮಾಡುವ ನಾಲ್ಕೈದು ಮಂದಿ, ಯುಜಿಸಿ ಅಥವಾ ಇನ್ನೊಂದು ಸಂಸ್ಥೆಯ ಅನುದಾನ, ಮೂರು ನಾಲ್ಕು ವರ್ಷದ ಒಂದು ಯೋಜನೆ ಇಷ್ಟು ಸೇರಿದರೆ ಒಂದು ತಂಡ. ವಿಜ್ಞಾನ ವಿಭಾಗದವರು ಪ್ರಯೋಗಾಲಯ ಮತ್ತು ಹೊಲದಲ್ಲಿ, ಕಲಾ ವಿಭಾಗದವರು ಗ್ರಂಥಾಲಯ ಮತ್ತು ಹಳ್ಳಿಗಳಲ್ಲಿ ಸಾಮಗ್ರಿ ಕಲೆಹಾಕುತ್ತಾರೆ. ವಿಚಾರ ಸಂಕಿರಣದಲ್ಲಿ ಅದನ್ನು ಮಂಡಿಸಿ, ಪತ್ರಿಕೆಗಳಲ್ಲಿ ಲೇಖನವಾಗಿ ಪ್ರಕಟಿಸಿ, ಕೊನೆಗೆ ಮಹಾಪ್ರಬಂಧ ಸಲ್ಲಿಸುತ್ತಾರೆ. ಪುಸ್ತಕ ಪ್ರಕಟಿಸಲು ಕರ್ನಾಟಕದ ವಿ.ವಿ.ಗಳಲ್ಲಿ ಪ್ರಸಾರಾಂಗ ಎಂಬ ವಿಭಾಗವೇ ಇದೆ.

ತೊಗರಿ: ಒಂದೇ ಮಣ್ಣು, ಎರಡು ಹೆಸರು

ನಮ್ಮ ಭಾಗದಲ್ಲಿ ಸಂಶೋಧನೆ ನೇರವಾಗಿ ಹೊಲಕ್ಕೆ ಬಂದದ್ದಕ್ಕೆ ತೊಗರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ತೆಲುಗಿನಲ್ಲಿ ಕಂದಿ ಎನ್ನುವ ಈ ಬೆಳೆಯ ಮೇಲೆ ಮೂರು ಕಡೆ ಕೆಲಸ ನಡೆದಿದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್, ರಾಯಚೂರು ಕೃಷಿ ವಿ.ವಿ.ಗೆ ಸೇರಿದ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರ ಮತ್ತು ತೆಲಂಗಾಣ ಕೃಷಿ ವಿ.ವಿ.ಗೆ ಸೇರಿದ ತಾಂಡೂರ ಕೃಷಿ ಸಂಶೋಧನಾ ಕೇಂದ್ರ ಆ ಮೂರು.

ತೊಗರಿಯ ದೊಡ್ಡ ಶತ್ರು ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ ನೀರು ಹರಿಯುವ ದಾರಿಯನ್ನೇ ಮುಚ್ಚುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಔಷಧ ಹೊಡೆದು ಇದನ್ನು ತಡೆಯುವುದು ಕಷ್ಟ. ಆದ್ದರಿಂದ ರೋಗ ತಡೆಯುವ ತಳಿಯನ್ನೇ ಹುಡುಕಬೇಕಾಯಿತು. ಇಕ್ರಿಸ್ಯಾಟ್ ಆರಿಸಿದ ಐಸಿಪಿ 8863 ಎಂಬ ತಳಿ 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಹೆಸರಿನಲ್ಲಿ ಬಿಡುಗಡೆಯಾಯಿತು. ಅದು ಗಡಿಯ ಎರಡೂ ಕಡೆ ಹರಡಿದ ಬಗೆ ಹಿರಿಯ ರೈತರಿಗೆ ನೆನಪಿದೆ. ಸರ್ಕಾರದ ಗಡಿ ಬೀಜಕ್ಕೆ ಗೊತ್ತಿರಲಿಲ್ಲ. ಆಮೇಲೆ ಆಶಾ, ಕಲಬುರಗಿ ಕೇಂದ್ರದ ಟಿಎಸ್-3ಆರ್ ಮತ್ತು ಜಿಆರ್‌ಜಿ-811, ತಾಂಡೂರ ಕೇಂದ್ರದ ಟಿಡಿಆರ್‌ಜಿ-4 ಅಂದರೆ ಹನುಮ ತಳಿಗಳು ಬಂದವು.

ಇನ್ನೊಂದು ಪಿಡುಗು ಗೊಡ್ಡು ರೋಗ. ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. 1931ರಿಂದಲೇ ಈ ರೋಗದ ವರದಿ ಇತ್ತಾದರೂ ಅದರ ಮೂಲ ಒಂದು ವೈರಸ್ ಎಂಬುದು ಖಚಿತವಾಗಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. 2011ರಲ್ಲಿ ಇಕ್ರಿಸ್ಯಾಟ್ ನೇತೃತ್ವದ ತಂಡ ತೊಗರಿಯ ಸಂಪೂರ್ಣ ವಂಶವಾಹಿ ನಕ್ಷೆಯ ಕರಡನ್ನು ಪ್ರಕಟಿಸಿತು. ಅದಕ್ಕೆ ಬಳಸಿದ್ದು ಆಶಾ ತಳಿ. ಸಂಸ್ಥೆಯ ಬೀಜ ಭಂಡಾರದಲ್ಲಿ ತೊಗರಿಯದೇ 13 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಅವು ರೈತರ ಹೊಲಗಳಿಂದಲೇ ಹೋದವು ಎಂಬುದನ್ನು ನೆನಪಿಡಬೇಕು.

ಇಷ್ಟಾದರೂ ಕೆಲಸ ಮುಗಿದಿಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗ ಮತ್ತೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಒಂದೇ ತಳಿಯನ್ನು ಒಂದೇ ಹೊಲದಲ್ಲಿ ವರ್ಷ ವರ್ಷ ಬಿತ್ತಿದರೆ ಶಿಲೀಂಧ್ರ ಮಣ್ಣಿನಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಬೆಳೆ ಬದಲಿಸಿ, ಜೋಳದ ಜೊತೆ ಅಕ್ಕಡಿ ಹಾಕಿ, ಬೀಜೋಪಚಾರ ಮಾಡಿ ಎಂದು ವಿಜ್ಞಾನಿಗಳು ಹೇಳುವುದು ಅದಕ್ಕೇ.

ಈಗ ಹೆಸರಿನ ವಿಷಯ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. 2022ರ ಡಿಸೆಂಬರಿನಲ್ಲಿ ತಾಂಡೂರ ತೊಗರಿಗೂ ಸಿಕ್ಕಿತು. ತಾಂಡೂರಿನ ಅರ್ಜಿ ಹಾಕಿದ್ದು ಯಾಲಾಲ್ ರೈತ ಉತ್ಪಾದಕರ ಕಂಪನಿ. ಮಣ್ಣಿನ ಗುಣ, ಸುಣ್ಣಕಲ್ಲಿನ ನೆಲ, ಬೇಳೆಯ ಸಸಾರಜನಕ ಇವುಗಳ ಬಗ್ಗೆ ಕೃಷಿ ವಿ.ವಿ. ಸಂಶೋಧಕರು ಕಲೆಹಾಕಿದ ಮಾಹಿತಿ ಇಲ್ಲದಿದ್ದರೆ ಆ ಅರ್ಜಿ ನಿಲ್ಲುತ್ತಿರಲಿಲ್ಲ. ಎರಡೂ ಕಡೆಯದು ಸುಣ್ಣಕಲ್ಲಿನ ಮೇಲಿನ ಎರೆಭೂಮಿಯೇ, ಆದರೆ ರಾಜ್ಯದ ಗಡಿ ದಾಟಿದರೆ ತೊಗರಿಯ ಹೆಸರು ಬೇರೆ.

ರೈತರು ಇಲ್ಲಿ ಗಮನಿಸಬೇಕಾದ್ದು ಮೂರು. ಅರ್ಜಿಯಲ್ಲಿ ಗುರುತಿಸಿದ ಪ್ರದೇಶದೊಳಗೆ ಹೊಲವಿದ್ದವರು ಮಾತ್ರ ಆ ಹೆಸರು ಬಳಸಬಹುದು. ಅವರೂ ಅಧಿಕೃತ ಬಳಕೆದಾರರೆಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಹೆಸರು ದಾಖಲಿಸದ ರೈತನ ತೊಗರಿ ಎಷ್ಟೇ ಚೆನ್ನಾಗಿದ್ದರೂ ಚೀಲದ ಮೇಲೆ ಆ ಗುರುತು ಹಾಕುವಂತಿಲ್ಲ. ಇದನ್ನು ತಿಳಿದುಕೊಳ್ಳದಿದ್ದರೆ ಮಾನ್ಯತೆಯ ಲಾಭ ವ್ಯಾಪಾರಿಗಳಿಗೆ ಮಾತ್ರ ಸೇರುತ್ತದೆ.

ವಿ.ವಿ. ಹೊರಗೂ ಸಂಶೋಧನೆ: ಪಸ್ತಾಪುರ

ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಇದರ ಸ್ಥಾಪಕರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು. ದೂರದರ್ಶನದಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಇಲ್ಲಿನ ಸಂಘಗಳ ಮಹಿಳೆಯರು, ಅವರಲ್ಲಿ ಹೆಚ್ಚಿನವರು ದಲಿತರು, ಜೋಳ, ಸಜ್ಜೆ, ನವಣೆ, ಸಾವೆ ಮೊದಲಾದವುಗಳ ಹಳೆಯ ತಳಿಗಳನ್ನು ಬೂದಿ, ಬೇವಿನ ಸೊಪ್ಪು ಹಾಕಿ ಕಾಪಾಡಿ ಊರೂರಿನಲ್ಲಿ ಬೀಜ ಬ್ಯಾಂಕ್ ಮಾಡಿದರು. ಸಂಕ್ರಾಂತಿ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಬೀಜ ಹೊತ್ತು ಹಳ್ಳಿ ಸುತ್ತುವ ‘ಪಾತ ಪಂಟಲ ಜಾತರ’ ಇವರದೇ. ಮಾಚನೂರಿನ ಸಂಘಂ ರೇಡಿಯೋ 2008ರ ಅಕ್ಟೋಬರಿನಲ್ಲಿ ಆರಂಭವಾಯಿತು. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಸುಳ್ಳಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರುವ ಎಷ್ಟೋ ಮೊದಲೇ ಈ ಮಹಿಳೆಯರು ಆ ಕೆಲಸದಲ್ಲಿದ್ದರು. ವಿ.ವಿ. ಸಂಶೋಧಕರು ಕಲಿಯಲು ಇವರಲ್ಲಿಗೆ ಬರುತ್ತಾರೆ. ಸೊಸೈಟಿಯ ಕೃಷಿ ವಿಜ್ಞಾನ ಕೇಂದ್ರವೂ ಜಹೀರಾಬಾದಿನಲ್ಲಿದೆ. ಸಿರಿಧಾನ್ಯಗಳ ಪ್ರಯೋಗಾಲಯ ಕೆಲಸಕ್ಕೆ ರಾಜೇಂದ್ರನಗರದಲ್ಲಿ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಕುಸುಬೆಗೆ ಅಲ್ಲಿಯೇ ಎಣ್ಣೆಕಾಳು ಸಂಶೋಧನಾ ಸಂಸ್ಥೆ ಇವೆ.

ಜಾನುವಾರು ವಿಷಯಕ್ಕೆ ಬೀದರಿನ ಪಶು ವಿ.ವಿ. ಹತ್ತಿರ. ಗಡಿ ಭಾಗದ ರೈತರ ಮನೆಯ ದೇವಣಿ ತಳಿಯ ಹಸು, ಎತ್ತುಗಳ ಸಂರಕ್ಷಣೆ, ಬೀದರಿ ಮೇಕೆ ತಳಿಯ ಅಧ್ಯಯನ ಅಲ್ಲಿ ನಡೆದಿವೆ. ಜಹೀರಾಬಾದಿನಿಂದ ಬೀದರಿಗೆ ಮೂವತ್ತು ಕಿ.ಮೀ. ಆಸುಪಾಸು.

ಕಲ್ಲಿನ ಮೇಲಿನ ಕನ್ನಡ

ಇತಿಹಾಸ, ಪುರಾತತ್ವ ಮತ್ತು ಕನ್ನಡ ವಿಭಾಗಗಳಿಗೆ ಈ ನೆಲ ದೊಡ್ಡ ಭಂಡಾರ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ. ತಾಂಡೂರಿನ ಪಕ್ಕ ಹರಿಯುವುದೂ ಅದೇ ನದಿ. ಶಾಸನಗಳಲ್ಲಿ ಬರುವ ಪೊಟ್ಟಲಕೆರೆ ಎಂಬ ಚಾಲುಕ್ಯರ ಪಟ್ಟಣವೇ ಇಂದಿನ ಪಟಾನ್‌ಚೆರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೇವರ ದಾಸಿಮಯ್ಯನ ಕಥೆಯಲ್ಲಿ ಬರುವ ಊರೂ ಅದೇ.

ಹೈದರಾಬಾದ್ ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ವ ಇಲಾಖೆ ಶುರುವಾಯಿತು. ಗುಲಾಂ ಯಜ್ದಾನಿ ಅದರ ನಿರ್ದೇಶಕರಾಗಿದ್ದರು. ಬೀದರಿನ ಚರಿತ್ರೆ ಮತ್ತು ಸ್ಮಾರಕಗಳ ಬಗ್ಗೆ ಅವರ ಗ್ರಂಥ 1947ರಲ್ಲಿ ಬಂದಿತು. ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿ ಸಂಪಾದಿಸಿದರು. ಆ ಸಂಪುಟ 1958ರಲ್ಲಿ, ಅಂದರೆ ಸಂಸ್ಥಾನ ಮೂರು ಪಾಲಾದ ಮೇಲೆ ಪ್ರಕಟವಾಯಿತು.

ಒಂದು ಕಲ್ಲು ಎಷ್ಟು ಬೆಲೆಬಾಳಬಲ್ಲದು ಎಂಬುದಕ್ಕೆ ಕರೀಂನಗರ ಜಿಲ್ಲೆಯ ಕುರ್ಕ್ಯಾಲ ಶಾಸನ ಸಾಕ್ಷಿ. ಗಂಗಾಧರದ ಹತ್ತಿರದ ಬೊಮ್ಮಲಗುಟ್ಟದ ಬಂಡೆಯ ಮೇಲೆ ಹತ್ತನೆಯ ಶತಮಾನದಲ್ಲಿ ಇದನ್ನು ಕೊರೆಸಿದವನು ಜಿನವಲ್ಲಭ. ಆತ ಆದಿಕವಿ ಪಂಪನ ತಮ್ಮ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಅದರಲ್ಲಿವೆ. ಪಂಪನ ಮನೆತನದ ವಿವರ ಖಚಿತವಾದದ್ದು ಇದರಿಂದ. ಅದರಲ್ಲಿನ ತೆಲುಗು ಕಂದ ಪದ್ಯಗಳನ್ನು ತೆಲುಗು ವಿದ್ವಾಂಸರು ತಮ್ಮ ಭಾಷೆಯ ಅತಿ ಹಳೆಯ ಪದ್ಯಗಳ ಸಾಲಿಗೆ ಸೇರಿಸುತ್ತಾರೆ. 2008ರಲ್ಲಿ ಕನ್ನಡ ಮತ್ತು ತೆಲುಗಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಜೊತೆಯಾಗಿಯೇ ಸಿಕ್ಕಿತು. ಈ ಬಂಡೆಯ ಮೇಲೆ ಎರಡೂ ಭಾಷೆಗಳು ಸಾವಿರ ವರ್ಷದ ಹಿಂದೆಯೇ ಜೊತೆಗಿದ್ದವು.

ಶಾಸನ ಓದುವ ಕ್ರಮ ಸರಳ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ತಟ್ಟಿ ಅಕ್ಷರದ ಕುಳಿಗೆ ಇಳಿಸಿ, ಮೇಲೆ ಮಸಿ ಸವರಿದರೆ ಅಕ್ಷರ ಬಿಳಿಯಾಗಿ ಏಳುತ್ತದೆ. ಇದಕ್ಕೆ ಅಚ್ಚು ತೆಗೆಯುವುದು ಎನ್ನುತ್ತಾರೆ. ಆದರೆ ಕಲ್ಲಿಗೆ ಸುಣ್ಣ ಬಳಿದರೆ, ಬಣ್ಣ ಹಚ್ಚಿದರೆ, ಗುಡಿ ಜೀರ್ಣೋದ್ಧಾರದಲ್ಲಿ ಪಾಯಕ್ಕೆ ಹಾಕಿದರೆ ಯಾವ ವಿದ್ವಾಂಸನೂ ಏನೂ ಮಾಡಲಾರ. ಊರಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಫೋಟೋ ತೆಗೆದು ಹತ್ತಿರದ ವಿ.ವಿ.ಯ ಇತಿಹಾಸ ವಿಭಾಗಕ್ಕೋ ಹಂಪಿ ಕನ್ನಡ ವಿ.ವಿ.ಯ ಶಾಸನಶಾಸ್ತ್ರ ವಿಭಾಗಕ್ಕೋ ಕಳಿಸಬಹುದು. ಅದು ಮೊದಲೇ ಓದಿ ಪ್ರಕಟಿಸಿದ ಶಾಸನವೇ ಹೊಸತೇ ಎಂಬುದನ್ನು ಅವರು ಹೇಳುತ್ತಾರೆ.

ಎರಡು ನುಡಿಯ ಮನೆ

ಗಡಿಯವರ ಕನ್ನಡ ಶುದ್ಧವಲ್ಲ, ತೆಲುಗು ಸರಿಯಿಲ್ಲ ಎಂದು ಎರಡೂ ಕಡೆ ನಗುವವರಿದ್ದಾರೆ. ಭಾಷಾವಿಜ್ಞಾನಿಗಳು ಇದನ್ನು ಬೇರೆ ರೀತಿ ನೋಡುತ್ತಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಭಾಷಾವಿಜ್ಞಾನ ತರಗತಿಗಳಲ್ಲಿ ಈಗಲೂ ಪಾಠ. ಅದರ ವಸ್ತು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಗಡಿ ಹಳ್ಳಿ. ಅಲ್ಲಿ ಕನ್ನಡ, ಮರಾಠಿ, ಉರ್ದು, ಸ್ವಲ್ಪ ತೆಲುಗು ಆಡುವವರು ಶತಮಾನಗಳಿಂದ ಒಟ್ಟಿಗಿದ್ದಾರೆ. ಪ್ರತಿಯೊಂದು ಮನೆತನ ತನ್ನ ಮಾತಿನ ಪದಗಳನ್ನು ಬಿಟ್ಟುಕೊಟ್ಟಿಲ್ಲ. ಆದರೆ ವಾಕ್ಯ ಕಟ್ಟುವ ರೀತಿ ಒಂದೇ ಆಗಿಬಿಟ್ಟಿದೆ. ಒಂದು ಭಾಷೆಯ ವಾಕ್ಯದ ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಪದ ಇಟ್ಟರೆ ಮಾತು ಸರಿಹೋಗುತ್ತದೆ. ಇದು ಭಾಷೆ ಕೆಟ್ಟಿದ್ದಲ್ಲ, ಒಟ್ಟಿಗೆ ಬಾಳಲು ಜನ ಕಂಡುಕೊಂಡ ದಾರಿ ಎಂಬುದು ಅಧ್ಯಯನದಿಂದ ತಿಳಿಯುವ ಸಂಗತಿ.

ಉಸ್ಮಾನಿಯಾದ ಭಾಷಾವಿಜ್ಞಾನ ವಿಭಾಗವನ್ನು 1962ರಲ್ಲಿ ಕಟ್ಟಿದವರು ಭದ್ರಿರಾಜು ಕೃಷ್ಣಮೂರ್ತಿ. ದ್ರಾವಿಡ ಭಾಷೆಗಳ ಕುರಿತ ಅವರ ದೊಡ್ಡ ಗ್ರಂಥ 2003ರಲ್ಲಿ ಬಂದಿತು. ಹೈದರಾಬಾದ್ ಕೇಂದ್ರೀಯ ವಿ.ವಿ.ಯಲ್ಲಿ ಕಂಪ್ಯೂಟರ್ ಮೂಲಕ ಅನುವಾದ ಮಾಡುವ ಪ್ರಯತ್ನಗಳು ನಡೆದಿವೆ. ಕನ್ನಡ, ತೆಲುಗು, ಮರಾಠಿಗಳಿಂದ ಹಿಂದಿಗೆ ಅನುವಾದಿಸುವ ‘ಅನುಸಾರಕ’ ಯೋಜನೆ ಅಲ್ಲಿ ಬೆಳೆಯಿತು. ಎರಡೂ ಭಾಷೆ ಸಲೀಸಾಗಿ ಬರುವ ಗಡಿಯ ಹುಡುಗ ಹುಡುಗಿಯರಿಗೆ ಅನುವಾದ, ನಿಘಂಟು, ಜಾನಪದ ಸಂಗ್ರಹ ಇವುಗಳಲ್ಲಿ ಹುಟ್ಟಿನಿಂದಲೇ ಬಂದ ಬಂಡವಾಳವಿದೆ.

ಪಿಎಚ್.ಡಿ. ಮಾಡಬೇಕೆಂದರೆ

ಯುಜಿಸಿ 2022ರ ನವೆಂಬರಿನಲ್ಲಿ ಹೊಸ ನಿಯಮ ತಂದಿತು. ಮುಖ್ಯ ಅಂಶಗಳು ಹೀಗಿವೆ:

- ಎಂ.ಎ., ಎಂ.ಎಸ್ಸಿ. ಮುಂತಾದವುಗಳಲ್ಲಿ ಶೇ. 55 ಅಂಕ ಬೇಕು. ನಾಲ್ಕು ವರ್ಷದ ಪದವಿಯವರಿಗೆ ಶೇ. 75. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮುಂತಾದವರಿಗೆ ಶೇ. 5 ರಿಯಾಯಿತಿ.
- ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ ಹೆಚ್ಚುವರಿ. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇನ್ನೂ ಎರಡು ವರ್ಷ ಸಿಗುತ್ತದೆ.
- ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ, ಶಿಶುಪಾಲನಾ ರಜೆ.
- ಒಬ್ಬ ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು.
- ಎಂ.ಫಿಲ್. ಪದವಿ ನಿಂತಿದೆ.

ಕೊನೆಯಿಂದ ಎರಡನೆಯ ಅಂಶ ಬಹಳ ಮುಖ್ಯ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ನಿವೃತ್ತರಾಗಿ ಹುದ್ದೆ ತುಂಬದಿದ್ದರೆ ಸೀಟುಗಳೂ ಹೋಗುತ್ತವೆ. ಹೊರ ರಾಜ್ಯದ ಕನ್ನಡ ವಿಭಾಗಗಳ ಅಳಿವು ಉಳಿವು ಇರುವುದು ಈ ಲೆಕ್ಕದಲ್ಲಿ. ಎಂ.ಎ. ಕನ್ನಡಕ್ಕೆ ವಿದ್ಯಾರ್ಥಿಗಳಿಲ್ಲ ಎಂದು ಹುದ್ದೆ ತುಂಬುವುದಿಲ್ಲ, ಅಧ್ಯಾಪಕರಿಲ್ಲ ಎಂದು ವಿದ್ಯಾರ್ಥಿಗಳು ಸೇರುವುದಿಲ್ಲ.

ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕನ್ನಡವೂ ತೆಲುಗೂ ವಿಷಯಗಳಾಗಿವೆ. 2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಫೆಲೋಶಿಪ್ ನಿಗದಿಯಾಗಿದೆ. ಬಡ ಮನೆಯ ಮಗು ಸಾಲ ಮಾಡದೆ ಸಂಶೋಧನೆ ಮಾಡಲು ಇದು ದಾರಿ.

ಗಡಿಯವರಿಗೆ ಎದುರಾಗುವ ತೊಡಕು ಸ್ಥಳೀಯತೆ. ಸಂವಿಧಾನದ 371(ಜೆ) ವಿಧಿಯಂತೆ ಬೀದರ, ಕಲಬುರಗಿ ಮೊದಲಾದ ಕಲ್ಯಾಣ ಕರ್ನಾಟಕ ಜಿಲ್ಲೆಗಳ ಸ್ಥಳೀಯರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಇದೆ. ಆ ಪ್ರದೇಶದಲ್ಲಿ ಹುಟ್ಟಿದವರು ಅಥವಾ ನಿಗದಿತ ಕಾಲ ವಾಸಿಸಿದವರು ಅದಕ್ಕೆ ಅರ್ಹರು. 1956ರವರೆಗೆ ಅದೇ ಜಿಲ್ಲೆಗಳಲ್ಲಿದ್ದ ನಮ್ಮ ತಾಲ್ಲೂಕುಗಳು ಅದರಲ್ಲಿಲ್ಲ. ಇಂಥವರಿಗೆ ಕಡಗಂಚಿ ಮತ್ತು ಹೈದರಾಬಾದಿನ ಕೇಂದ್ರೀಯ ವಿ.ವಿ.ಗಳು ಅನುಕೂಲ. ಅಲ್ಲಿ ಪ್ರವೇಶ ಅಖಿಲ ಭಾರತ ಮಟ್ಟದ್ದು, ಯಾವ ರಾಜ್ಯದವರೆಂದು ನೋಡುವುದಿಲ್ಲ.

ಪ್ರಬಂಧ ಓದುವುದು ಹೇಗೆ?

ದೇಶದ ವಿ.ವಿ.ಗಳು ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ. ಊರಿನ ಹೆಸರೋ ಬೆಳೆಯ ಹೆಸರೋ ಕೊಟ್ಟು ಹುಡುಕಿದರೆ ನಮ್ಮ ಬಗ್ಗೆ ಯಾರು ಏನು ಬರೆದಿದ್ದಾರೆಂದು ತಿಳಿಯುತ್ತದೆ.

ಸಂಶೋಧಕರು ಪ್ರಶ್ನಾವಳಿ ಹಿಡಿದು ಮನೆ ಬಾಗಿಲಿಗೆ ಬಂದಾಗ ಗ್ರಾಮಸ್ಥರು ಕೇಳಬೇಕಾದ ಪ್ರಶ್ನೆಗಳೂ ಇವೆ. ಯಾವ ವಿ.ವಿ., ಯಾವ ವಿಭಾಗ, ಮಾರ್ಗದರ್ಶಕರು ಯಾರು, ನಮ್ಮ ಹೆಸರು ಹಾಕುತ್ತೀರಾ, ಮುಗಿದ ಮೇಲೆ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳುವುದು ತಪ್ಪಲ್ಲ. ಒಳ್ಳೆಯ ಸಂಶೋಧಕ ಇದಕ್ಕೆ ಬೇಸರಪಡುವುದಿಲ್ಲ. ಹಾಡು, ಬೀಜ, ಶಾಸನ, ಮಾತು ಕೊಟ್ಟವರಿಗೆ ಅದರ ಫಲ ಊರಿನ ಗ್ರಂಥಾಲಯದಲ್ಲಿ ಒಂದು ಪುಸ್ತಕವಾಗಿಯಾದರೂ ಮರಳಿ ಬರಬೇಕು. ಊರಿನ ಒಬ್ಬಿಬ್ಬರು ಹುಡುಗಿಯರೋ ಹುಡುಗರೋ ಆ ವಿಭಾಗಗಳನ್ನು ಸೇರಿದರೆ ಮುಂದಿನ ಪ್ರಬಂಧವನ್ನು ಅವರೇ ಬರೆಯಬಹುದು.